ಸಿಇಟಿಲಿ ಮೀಸಲಾತಿಯಿಂದ ನನ್ ಸೀಟು ಹೋಯ್ತು, ಇದು ನ್ಯಾಯನಾ?

ನಿಮ್ಮ ಪ್ರಶ್ನೆ ಎರಡ್ ಸಲ ಓದ್ದೆ. ಜಿಎಂ (ಜನರಲ್ ಮೆರಿಟ್), ಬೆಂಗ್ಳೂರು, ಸಿಇಟಿ (ಇಂಜಿನಿಯರಿಂಗ್ ಥರದ ಕೋರ್ಸಿನ ಪ್ರವೇಶ ಪರೀಕ್ಷೆ) ರ್ಯಾಂಕ್ 3,000ದ ಆಸುಪಾಸು, ಆಸೆಪಟ್ಟ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಗ್ಲಿಲ್ಲ, ನಿಮಗಿಂತ ಎಷ್ಟೋ ಹಿಂದಿನ ರ್ಯಾಂಕಿನ ಎಸ್‌ಸಿ ಹುಡುಗನಿಗೆ ಅಲ್ಲೇ ಸಿಕ್ತು, ಇದು ನ್ಯಾಯನಾ ಅಂತ ಕೇಳಿದೀರ. ಹೊಟ್ಟೆ ಉರಿಯುತ್ತೆ, ಒಪ್ತೀನಿ. ಆದ್ರೆ ನಾನೂ ಕೋಟಾದಲ್ಲೇ ಸೀಟು ತಗೊಂಡವನು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ನೀವು ಅನ್ಕೊಂಡಿರೋ ಕೋಟಾ ಅಲ್ಲ ಅಷ್ಟೆ.

2015ರಲ್ಲಿ ನಂದು 4,200 ಚಿಲ್ಲರೆ ರ್ಯಾಂಕ್. ಮಂಡ್ಯ ಜಿಲ್ಲೆ ಹಳ್ಳಿ, ಒಂದ್ರಿಂದ ಹತ್ತನೇ ಕ್ಲಾಸ್ ತನಕ ಊರಿನ ಸರ್ಕಾರಿ ಶಾಲೆ. ನಾವು ಒಕ್ಕಲಿಗರು, ಹಂಗಾಗಿ ಹಿಂದುಳಿದ ವರ್ಗದ 3ಎ ಗುಂಪು, ಅದ್ರ ಜೊತೆಗೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸೈನ್ ಇರೋ ಗ್ರಾಮೀಣ ಸರ್ಟಿಫಿಕೇಟು. ಸೀಟು ಬಂದಾಗ ಅಲಾಟ್‌ಮೆಂಟ್ ಲೆಟರಲ್ಲಿ 3ಎಆರ್, ಅಂದ್ರೆ 3ಎ ಗ್ರಾಮೀಣ ಅಂತಿತ್ತು. ಆ ಬ್ರಾಂಚಿಗೆ ಜಿಎಂ ಕಟಾಫ್ (ಸೀಟು ಸಿಕ್ಕ ಕೊನೇ ರ್ಯಾಂಕ್) 2,000ದ ಹತ್ರಾನೇ ನಿಂತೋಗಿತ್ತು, ಅಂದ್ರೆ ನಾನು ಸುಮಾರು ಎರಡು ಸಾವಿರ ಜನರನ್ನ ದಾಟಿ ಒಳಗೆ ಬಂದಿದ್ದೆ. ಮನೇಲಿ ಒಬ್ಬಟ್ಟು ಮಾಡಿದ್ರು.

ಹಾಸ್ಟೆಲಲ್ಲಿ ನನ್ನ ರೂಮ್‌ಮೇಟು ಕೊಳ್ಳೇಗಾಲದ ಕಡೆಯೋನು. ಅಪ್ಪ ಟೈಲರ್, ಇವನು ಟೌನಲ್ಲೇ ಓದಿದ್ರಿಂದ ಗ್ರಾಮೀಣ ಕೋಟಾ ಬರ್ತಿರ್ಲಿಲ್ಲ. ಅವನ ರ್ಯಾಂಕು 3,900, ನನಗಿಂತ ಮುಂದೆ! ಲೆಟರಲ್ಲಿ ಎಸ್‌ಸಿಜಿ, ಅಂದ್ರೆ ಎಸ್‌ಸಿಯ ಸಾಮಾನ್ಯ ಸೀಟು. ಕಾಲೇಜು ಶುರುವಾಗಿ ತಿಂಗಳಾಗಿರ್ಬೇಕು, ಆಫೀಸಿಂದ ಒಬ್ರು ಕ್ಲಾಸಿಗೇ ಬಂದು ಎಸ್‌ಸಿ ಎಸ್‌ಟಿಯವ್ರೆಲ್ಲ ಸ್ಕಾಲರ್‌ಶಿಪ್ ಫಾರಂ ಇಸ್ಕೊಳ್ಳಿ ಅಂತ ಕೂಗಿದ್ರು, ಅವನೂ ಇನ್ನಿಬ್ರೂ ಎದ್ದು ಹೋದ್ರು, ಅಷ್ಟೇ, ಅಲ್ಲಿಂದ ನಾಲ್ಕು ವರ್ಷ ಅವನನ್ನ ಕಂಡ್ರೆ ಸಾಕು "ನಿಂದೆಷ್ಟಪ್ಪಾ ರ್ಯಾಂಕು?" ಅಂತ ಕೇಳೋದು. ನನ್ನನ್ನ ಒಬ್ಬನೂ ಕೇಳ್ಲಿಲ್ಲ. ನನ್ನ ಬಗ್ಗೆ ಏನಿದ್ರೂ "ಹಳ್ಳಿಯಿಂದ ಬಂದು ಎಷ್ಟ್ ಚೆನ್ನಾಗಿ ಓದ್ತಾನೆ ನೋಡು" ಅನ್ನೋ ಮೆಚ್ಚುಗೆ. ಎಂ3 (ಮೂರನೇ ಗಣಿತ ಪೇಪರ್) ಫೇಲಾಗಿ ಬ್ಯಾಕ್ ಬಿದ್ದಿದ್ದು ನಂದು, ಅವಂದಲ್ಲ. ಒಂದ್ಸಲ ಕ್ಯಾಂಟೀನಲ್ಲಿ ಯಾರೋ ಅವನ ಮೇಲೆ ಕೋಟಾ ಜೋಕ್ ಹೊಡೆದಾಗ ನಾನೂ ನಕ್ಕಿದೀನಿ, ಜೇಬಲ್ಲಿ 3ಎಆರ್ ಇಟ್ಕೊಂಡು.

ಅದಕ್ಕೇ ಮಾರ್ಕ್ಸಿನ ರಿಯಾಯ್ತಿ ತಪ್ಪು ಅಂತ ಯಾರಾದ್ರೂ ಅಂದ್ರೆ ನಂಗೆ ಪೂರ್ತಿ ನಂಬ್ಕೆ ಬರಲ್ಲ. ಸಿಇಟಿಲಿ ಗ್ರಾಮೀಣಕ್ಕೆ 15%, ಕನ್ನಡ ಮಾಧ್ಯಮಕ್ಕೆ 5% ಇದೆ, ಜಿಎಂ ಒಳಗೂ ಜಿಎಂಆರ್ (ಗ್ರಾಮೀಣ), ಜಿಎಂಕೆ (ಕನ್ನಡ ಮಾಧ್ಯಮ) ಅಂತ ಇದೆ, ಅದ್ರ ವಿರುದ್ಧ ಯಾವ ವಾಟ್ಸಾಪ್ ಫಾರ್ವರ್ಡೂ ನಂಗೆ ಇವತ್ತಿನವರೆಗೆ ಬಂದಿಲ್ಲ. ನಮ್ ಜನಾನೇ ತಗೊಳ್ಳಿ, ಊರಲ್ಲಿ ಕಟ್ಟೆ ಮೇಲೆ ಕೂತು ಮೀಸಲಾತಿ ಬೈಯ್ಯೋ ದೊಡ್ಡೋರೆಲ್ಲ ಇದಾರೆ, ಆದ್ರೆ 1986ರಲ್ಲಿ ವೆಂಕಟಸ್ವಾಮಿ ಆಯೋಗ ಒಕ್ಕಲಿಗರನ್ನ ಹಿಂದುಳಿದವರ ಪಟ್ಟಿಯಿಂದ ಬಿಟ್ಟಾಗ ನಮ್ಮೋರೇ ಬೀದಿಗಿಳಿದಿದ್ದು, ಸರ್ಕಾರ ಆ ವರದಿನೇ ಪಕ್ಕಕ್ಕಿಡ್ಬೇಕಾಯ್ತು.

ಈಗ ನಿಮ್ಮ ಲೆಕ್ಕ. 2022ರಲ್ಲಿ ಎಸ್‌ಸಿಗೆ 15ರಿಂದ 17, ಎಸ್‌ಟಿಗೆ 3ರಿಂದ 7 ಆಯ್ತು, ಹಿಂದುಳಿದ ವರ್ಗಗಳೆಲ್ಲ ಸೇರಿ 32, ಒಟ್ಟು 56%. ತಮಾಷೆ ಅಂದ್ರೆ 50 ದಾಟಬಾರ್ದು ಅನ್ನೋ ಗೆರೆ ಎಳೆದಿದ್ದೂ ನಮ್ಮ ರಾಜ್ಯದ ಕೇಸಲ್ಲೇ, 1962ರ ಬಾಲಾಜಿ ಕೇಸು, ಆಗ ಮೈಸೂರು ಸರ್ಕಾರ ಮೆಡಿಕಲ್ ಇಂಜಿನಿಯರಿಂಗಲ್ಲಿ 68% ಇಟ್ಟಿದ್ದನ್ನ ಸುಪ್ರೀಂ ಕೋರ್ಟ್ ಹೊಡೆದಾಕ್ತು. ಉಳಿದ 44% ನಿಮ್ಮಂಥೋರಿಗೆ ಅಂತ ಇಟ್ಟಿರೋದಲ್ಲ, ಜಿಎಂ ಅಂದ್ರೆ ಯಾರ್ ಬೇಕಾದ್ರೂ ರ್ಯಾಂಕ್ ಮೇಲೆ ತಗೋಬಹುದು, ಎಸ್‌ಸಿ ಹುಡುಗೀನೂ. ಕೋಟಾ ಎಲ್ಲ ತೆಗೆದ್ರೆ ಕಟಾಫ್ ರ್ಯಾಂಕು ಸ್ವಲ್ಪ ಹಿಂದಕ್ಕೆ ಹೋಗುತ್ತೆ, ಇಲ್ಲ ಅನ್ನಲ್ಲ, ನಿಮ್ಗೂ ಸಿಕ್ತಿತ್ತೇನೋ. ಆದ್ರೆ ಒಂದು ಎಸ್‌ಸಿ ಸೀಟಿನ ಎದುರು ನಿಮ್ಮಂಗೇ "ಅದು ನನ್ ಸೀಟು" ಅನ್ನೋರು ಎಷ್ಟು ನೂರು ಜನ ಇದಾರೆ ರ್ಯಾಂಕ್ ಲಿಸ್ಟಲ್ಲಿ ಎಣಿಸಿ ನೋಡಿ. ಅಷ್ಟೂ ಜನರಿಂದ ಒಂದೇ ಸೀಟು ಹೋಗಿರೋಕೆ ಸಾಧ್ಯ ಇಲ್ವಲ್ಲ.

ಒಂದ್ ವಿಷ್ಯದಲ್ಲಿ ನೀವು ಸರಿ. ಅಪ್ಪ ಅಮ್ಮ ಇಬ್ರೂ ದೊಡ್ಡ ಆಫೀಸರ್ ಆಗಿರೋ ಮನೆ ಮಗೂಗೂ ಕೊಳ್ಳೇಗಾಲದ ಟೈಲರ್ ಮಗನಿಗೂ ಒಂದೇ ಕಟಾಫ್ ಅನ್ನೋದು ನಂಗೂ ಒಪ್ಪಿಗೆ ಆಗಲ್ಲ. 2024ರಲ್ಲಿ ಸುಪ್ರೀಂ ಕೋರ್ಟು ಒಳಮೀಸಲಾತಿ (ಎಸ್‌ಸಿ ಕೋಟಾನ ಒಳಗಿನ ಜಾತಿಗಳಿಗೆ ಹಂಚೋದು) ಕೊಡಬಹುದು ಅಂದಾಗ ಕೆಲವು ಜಡ್ಜುಗಳು ಎಸ್‌ಸಿ ಎಸ್‌ಟಿಗೂ ಕೆನೆಪದರ, ಅಂದ್ರೆ ಅನುಕೂಲಸ್ಥರನ್ನ ಕೋಟಾದಿಂದ ಹೊರಗಿಡೋ ನಿಯಮ, ಬೇಕು ಅಂತ ಬರೆದ್ರು. ಆದ್ರೆ ಹಂಗೆ ತೆಗೆದ ಸೀಟು ಅದೇ ಪಟ್ಟಿಯ ಬಡವರಿಗೆ ಹೋಗ್ಬೇಕು, ಜಿಎಂಗಲ್ಲ. ಅಲ್ಲಿಗೂ ನಿಮ್ಗೆ ಸಿಗಲ್ಲ, ಬೇಜಾರಾಗ್ಬೇಡಿ.

ಅದಿರ್ಲಿ, ಸಿಕ್ಕಿರೋ ಸೀಟಿಗೆ ಚಾಯ್ಸ್ 1 (ಇದೇ ಸಾಕು) ಒತ್ತಿಬಿಟ್ಟಿಲ್ಲ ತಾನೇ? ಚಾಯ್ಸ್ 2 (ಇದನ್ನ ಇಟ್ಕೊಂಡು ಇನ್ನೂ ಒಳ್ಳೇದಕ್ಕೆ ಕಾಯ್ತೀನಿ) ಕೊಟ್ಟು ಎರಡನೇ ರೌಂಡ್ ಕಾಯಿರಿ, ಹೋದ ವರ್ಷದ ಕಟಾಫ್ ಪಟ್ಟೀಲಿ ಆ ಕಾಲೇಜಿನ ಜಿಎಂ ಕಾಲಂ ಒಂದ್ಸಲ ನೋಡಿ. 3,000ಕ್ಕೆ ಎಲೆಕ್ಟ್ರಾನಿಕ್ಸ್ ಆದ್ರೂ ಸಿಗಬಹುದು.