ಹವಳದ ಅಕ್ವೇರಿಯಮ್ಮಿನಲ್ಲಿ ಕಿತ್ತಷ್ಟೂ ಬೆಳೆಯುವ ಪಾಚಿ

ಪ್ರಶ್ನೆ: ನಮ್ಮ ಮನೆಯಲ್ಲಿ ಸುಮಾರು 200 ಲೀಟರಿನ ಕಡಲನೀರಿನ ಅಕ್ವೇರಿಯಂ ಇದ್ದು, ಎರಡು ಕ್ಲೌನ್ ಮೀನುಗಳನ್ನೂ ಕೆಲವು ಮೃದು ಹವಳಗಳನ್ನೂ ಸಾಕಿದ್ದೇವೆ. ಬೇಸಿಗೆ ಶುರುವಾದಂದಿನಿಂದ ಕಲ್ಲುಗಳ ಮೇಲೆ ಕೂದಲಿನಂಥ ಹಸಿರು ಪಾಚಿ ದಟ್ಟವಾಗಿ ಬೆಳೆಯುತ್ತಿದೆ. ಕಿಟ್‌ನಲ್ಲಿ ಪರೀಕ್ಷಿಸಿದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಬರುತ್ತವೆ. ನೀರು ಇಂಗಿದಾಗ ಬೋರ್‌ವೆಲ್ ನೀರನ್ನೋ ಕುಡಿಯುವ ಆರ್‌ಒ ನೀರನ್ನೋ ತುಂಬುತ್ತೇವೆ. ಪಾಚಿ ಸಾಯುವ ಔಷಧಿ ಹಾಕಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಔಷಧಿ ಹಾಕಬೇಡಿ. ಅಷ್ಟು ಪಾಚಿ ಒಮ್ಮೆಲೇ ಸತ್ತು ಕೊಳೆತರೆ ನೀರಿನ ಆಮ್ಲಜನಕ ಕುಸಿಯುತ್ತದೆ, ಪಾಚಿ ಹೀರಿಕೊಂಡಿದ್ದ ಪೋಷಕಾಂಶಗಳೆಲ್ಲ ಮತ್ತೆ ನೀರಿಗೇ ಸೇರುತ್ತವೆ. ತಾಮ್ರವಿರುವ ಪಾಚಿನಾಶಕವಂತೂ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷವೇ ಸರಿ.

ಕಿಟ್ ಸೊನ್ನೆ ತೋರಿಸಿದರೆ ಪಾಚಿಗೆ ಆಹಾರವಿಲ್ಲವೆಂದು ತಿಳಿಯಬಾರದು. ಕಿಟ್ ಅಳೆಯುವುದು ಆ ಹೊತ್ತಿಗೆ ನೀರಿನಲ್ಲಿ ಕರಗಿ ಉಳಿದದ್ದನ್ನು ಮಾತ್ರ. ಬಂದದ್ದನ್ನು ಬಂದಂತೆಯೇ ಪಾಚಿ ಹೀರಿಕೊಳ್ಳುತ್ತಿದ್ದರೆ ಅಳೆಯಲು ಏನೂ ಉಳಿಯುವುದಿಲ್ಲ. ಜೊತೆಗೆ, ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದ ನಿಮ್ಮ ಕಲ್ಲುಗಳು ಫಾಸ್ಫೇಟನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ.

ನನ್ನ ಮಟ್ಟಿಗೆ, ನಿಮ್ಮ ತೊಂದರೆಯ ಬೇರು ನೀವು ದಿನವೂ ತುಂಬುತ್ತಿರುವ ನೀರಿನಲ್ಲಿದೆ. ಆವಿಯಾಗಿ ಹೋಗುವುದು ಬರಿಯ ನೀರು. ಅದರಲ್ಲಿದ್ದ ಉಪ್ಪು, ನೈಟ್ರೇಟ್, ಸಿಲಿಕೇಟ್‌ಗಳೆಲ್ಲ ತೊಟ್ಟಿಯಲ್ಲೇ ಉಳಿಯುತ್ತವೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಅದೂ ನೀರನ್ನು ತಂಪಾಗಿಡಲು ಮೇಲೆ ಫ್ಯಾನ್ ಹಾಕಿದ್ದರೆ, ದಿನಕ್ಕೆ 3 ಲೀಟರ್ ಆವಿಯಾಗುವುದು ಅಸಹಜವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ವರೆಗೆ ನೈಟ್ರೇಟ್ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿ 40 ಮಿಲಿಗ್ರಾಂ ಇದೆಯೆಂದು ಇಟ್ಟುಕೊಂಡರೂ, ಅಂದರೆ ಅದು ಕುಡಿಯಲು ಯೋಗ್ಯವೇ ಆಗಿದ್ದರೂ, ದಿನಕ್ಕೆ 120 ಮಿಲಿಗ್ರಾಂ, ತಿಂಗಳಿಗೆ 3,600 ಮಿಲಿಗ್ರಾಂ ನೈಟ್ರೇಟ್ ಒಳಗೆ ಸೇರಿ, 200 ಲೀಟರಿನಲ್ಲಿ ಲೀಟರಿಗೆ 18 ಮಿಲಿಗ್ರಾಂನಷ್ಟಾಗುತ್ತದೆ. ಭದ್ರಾ ನಾಲೆಯಿಂದ ಬರುವ ನಲ್ಲಿ ನೀರನ್ನೂ ಹಾಗೆಯೇ ಹಾಕುವಂತಿಲ್ಲ. ಅದರಲ್ಲಿ ಕ್ಲೋರಿನ್ ಇರುತ್ತದೆ.

ಆರ್‌ಒ ನೀರಿನ ವಿಷಯದಲ್ಲಿ ಹಲವರು ಮೋಸಹೋಗುತ್ತಾರೆ. ಮನೆಬಳಕೆಯ ಅನೇಕ ಯಂತ್ರಗಳು ರುಚಿಗಾಗಿ ಖನಿಜವನ್ನು ಮರಳಿ ಸೇರಿಸುತ್ತವೆ, ಇಲ್ಲವೇ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) ಕಂಟ್ರೋಲರ್ ಮೂಲಕ ಆರ್‌ಒ ಆಗದ ನೀರನ್ನು ಸ್ವಲ್ಪ ಬೆರೆಸುತ್ತವೆ. ನೈಟ್ರೇಟನ್ನಂತೂ ಆರ್‌ಒ ಪೊರೆ ಪೂರ್ತಿಯಾಗಿ ತಡೆಯುವುದಿಲ್ಲ. ಆದ್ದರಿಂದ ಒಂದು ಟಿಡಿಎಸ್ ಮೀಟರ್ ಕೊಂಡು ನಿಮ್ಮ ನೀರನ್ನು ಅಳೆಯಿರಿ. ಖನಿಜ ಸೇರುವ ಮುಂಚಿನ ಹಂತದಿಂದ ನೀರು ತೆಗೆದು, ಉಳಿದ ಲವಣಗಳನ್ನು ಹಿಡಿದಿಟ್ಟುಕೊಳ್ಳುವ ಡಿಅಯಾನೈಸಿಂಗ್ ರೆಸಿನ್ ತುಂಬಿದ ಕಾರ್ಟ್ರಿಜ್ ಮೂಲಕ ಹಾಯಿಸಿದರೆ ಮೀಟರ್ ಸೊನ್ನೆಗೆ ಇಳಿಯುತ್ತದೆ. ಸೊನ್ನೆಯಿಂದ ಮೇಲೇರತೊಡಗಿದಾಗ ರೆಸಿನ್ ಬದಲಿಸಬೇಕು. ಆವಿಯಾದಷ್ಟನ್ನು ತುಂಬುವುದಕ್ಕೂ, ನೀರು ಬದಲಿಸುವಾಗ ಉಪ್ಪು ಕಲಸುವುದಕ್ಕೂ ಇದೇ ನೀರು ಬಳಸಿ.

ಈಗಿರುವ ಪಾಚಿಯನ್ನು ಕೈಯಿಂದಲೇ ತೆಗೆಯಬೇಕು. ಹವಳವಿಲ್ಲದ ಕಲ್ಲುಗಳನ್ನು ತೊಟ್ಟಿಯದೇ ನೀರು ತುಂಬಿದ ಬಕೆಟ್‌ಗೆ ಹಾಕಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಆ ನೀರನ್ನು ಚೆಲ್ಲಿಬಿಡಿ. ವಾರಕ್ಕೊಮ್ಮೆ ಶೇಕಡ 10ರಷ್ಟು ನೀರನ್ನು ಬದಲಿಸಿ, ದೀಪವನ್ನು ದಿನಕ್ಕೆ 8 ಗಂಟೆಗೆ ಇಳಿಸಿ. ಪಾಚಿ ಗಿಡ್ಡವಾದ ಮೇಲೆಯೇ ಟರ್ಬೊ ಅಥವಾ ಟ್ರೋಕಸ್ ಬಸವನಹುಳುಗಳನ್ನು ತನ್ನಿ, ಏಕೆಂದರೆ ಉದ್ದನೆಯ ಎಳೆಗಳನ್ನು ಅವು ಅಷ್ಟಾಗಿ ತಿನ್ನುವುದಿಲ್ಲ. ಪಾಚಿ ತಿನ್ನುವ ಟ್ಯಾಂಗ್ ಮೀನನ್ನು ಅಂಗಡಿಯವರು ಸೂಚಿಸಬಹುದು. ಸದಾ ಈಜಾಡುವ ಆ ಮೀನಿಗೆ 200 ಲೀಟರ್ ಸಾಲದು.

ಕಲ್ಲಿನೊಳಗಿನ ಫಾಸ್ಫೇಟ್ ಹೊರಬಂದು ಮುಗಿಯಲು ತಿಂಗಳುಗಳೇ ಹಿಡಿಯಬಹುದು. ಪಾಚಿ ಕಡಿಮೆಯಾದಂತೆ ಕಿಟ್‌ನಲ್ಲಿ ಅಂಕಿ ಏರತೊಡಗಿದರೆ ಗಾಬರಿಯಾಗಬೇಡಿ. ಲೀಟರಿಗೆ ನೈಟ್ರೇಟ್ 2ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇರುವುದು ಹವಳಕ್ಕೂ ಬೇಕು. ಎರಡನ್ನೂ ನಿಜವಾಗಿಯೇ ಸೊನ್ನೆಗಿಳಿಸಿದರೆ ಡೈನೊಫ್ಲಾಜೆಲೇಟ್‌ಗಳೆಂಬ ಕಂದು ಬಣ್ಣದ, ಗುಳ್ಳೆಗಳಿಂದ ಕೂಡಿದ ಲೋಳೆ ಹಬ್ಬಬಹುದು, ಅದನ್ನು ಹೋಗಲಾಡಿಸುವುದು ಹಸಿರು ಪಾಚಿಗಿಂತ ಕಷ್ಟ.