ಪ್ರತಿಕ್ರಿಯೆ: ಐದನೇ ನಡೆಯಲ್ಲಿ ಕುದುರೆಯಿಂದ ಹೊಡೆಯಬೇಡಿ

ನಮಸ್ಕಾರ ಸರ್. ತುಮಕೂರಿನ ಚೆಸ್ ಟೂರ್ನಿಯಲ್ಲಿ ಕಪ್ಪು ಕಾಯಿ ಹಿಡಿದು ಬೇಗ ಸೋತಿದ್ದೀರಿ, ಎಡವಿದ್ದೆಲ್ಲಿ ಎಂದು ಕೇಳಿದ್ದೀರಿ. ನೀವು ಹಾಕಿರುವ ನಡೆಗಳ ಪ್ರಕಾರ ತಪ್ಪು ಐದನೆಯದರಲ್ಲೇ ಇದೆ.

ಎದುರಾಳಿಯ ಸಿ4ರ ಒಂಟೆ, ಜಿ5ರ ಕುದುರೆ (ಅಕ್ಷರ ಬೋರ್ಡಿನ ಉದ್ದಸಾಲು, ಅಂಕಿ ಅಡ್ಡಸಾಲು), ಎರಡರ ಕಣ್ಣೂ ನಿಮ್ಮ ಎಫ್7ರ ಪೇದೆಯ ಮೇಲೆ. ನೀವು ಪೇದೆಯನ್ನು ಡಿ5ಕ್ಕೆ ತಳ್ಳಿ ಒಂಟೆಯ ದಾರಿ ಮುಚ್ಚಿದ್ದು ಸರಿಯೇ. ಆದರೆ ಅವರು ಅದನ್ನು ಹೊಡೆದಾಗ ನೀವು ಎಫ್6ರ ಕುದುರೆಯಿಂದ ತಿರುಗಿ ಹೊಡೆದಿರಿ. ತಕ್ಷಣ ಅವರ ಕುದುರೆ ಎಫ್7ಕ್ಕೆ ಬಿದ್ದು ರಾಣಿ, ಆನೆ ಎರಡಕ್ಕೂ ಗುರಿಯಿಟ್ಟಿತು. ನಿಮ್ಮ ರಾಜ ಅದನ್ನು ಹೊಡೆಯಬೇಕಾಯಿತು, ಅವರ ರಾಣಿ ಎಫ್3ಕ್ಕೆ ಬಂದು ಚೆಕ್. ಈಗ ಡಿ5ರ ಕುದುರೆ ಉಳಿಯಬೇಕಾದರೆ ರಾಜ ಇ6ಕ್ಕೆ, ಅಂದರೆ ಬೋರ್ಡಿನ ನಟ್ಟನಡುವೆಗೆ, ನಡೆಯಬೇಕು. ಇದೇ ಫ್ರೈಡ್ ಲಿವರ್ ದಾಳಿ. ಗಡಿಯಾರ ಓಡುತ್ತಿರುವಾಗ ಇದನ್ನು ತಡೆದುಕೊಳ್ಳುವುದು ನಮ್ಮ ಮಟ್ಟದವರಿಗೆ ಬಹಳ ಕಷ್ಟ.

ಹೊಡೆಯುವ ಬದಲು ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟು ಒಂಟೆಯನ್ನು ಕೆಣಕಿ. ಅದು ಬಿ5ರಿಂದ ಚೆಕ್ ಕೊಟ್ಟರೆ ಪೇದೆ ಸಿ6ಕ್ಕೆ. ಅವರು ಆ ಪೇದೆಯನ್ನು ಹೊಡೆದರೆ ಬಿ ಸಾಲಿನ ಪೇದೆಯಿಂದ ತಿರುಗಿ ಹೊಡೆಯಿರಿ. ಒಂಟೆ ಇ2ಕ್ಕೆ ಹಿಂದೆ ಹೋದರೆ ನಿಮ್ಮ ಪೇದೆ ಎಚ್6ಕ್ಕೆ, ಅವರ ಕುದುರೆ ಎಫ್3ಕ್ಕೆ ಸರಿದ ಮೇಲೆ ನಿಮ್ಮ ಇನ್ನೊಂದು ಪೇದೆ ಇ4ಕ್ಕೆ. ಒಂದು ಪೇದೆ ಕಮ್ಮಿಯಾಗುತ್ತದೆ ನಿಜ, ಆದರೆ ಅವರ ಕಾಯಿಗಳು ಹಿಂದೆ ಮುಂದೆ ಓಡಾಡುವಷ್ಟರಲ್ಲಿ ನಿಮ್ಮವು ಹೊರಬಂದಿರುತ್ತವೆ. ಒಂಟೆ ಹಿಂದೆ ಹೋಗದೆ ಅವರ ರಾಣಿ ಎಫ್3ಕ್ಕೆ ಬಂದರೆ ಮಾತ್ರ ಬಿ5ರ ಒಂಟೆಯನ್ನು ಹೊಡೆಯಬೇಡಿ, ನಿಮ್ಮ ಎ8ರ ಆನೆ ಹೋಗುತ್ತದೆ. ಮೊದಲು ಆನೆಯನ್ನು ಬಿ8ಕ್ಕೆ ಸರಿಸಿ.

ಇಷ್ಟು ನೆನಪಿಡುವುದು ಬೇಡವೆಂದರೆ ಮೂರನೇ ನಡೆಯಲ್ಲಿ ಕುದುರೆಯನ್ನು ಎಫ್6ಕ್ಕೆ ತರುವ ಬದಲು ಒಂಟೆಯನ್ನು ಸಿ5ಕ್ಕೆ ತನ್ನಿ. ಆಗ ಜಿ5ಕ್ಕೆ ಬಂದ ಕುದುರೆಯನ್ನು ನಿಮ್ಮ ರಾಣಿಯೇ ಹೊಡೆಯುತ್ತದೆ.