ಲ್ಯಾಕ್ಸ್‌ಟನ್‌ಗೆ ಒಮ್ಮೆ ಹೋಗಿ ಬನ್ನಿ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಹೊಸದಾಗಿ ಬಂದಿದ್ದೀರಿ. ಸುತ್ತಲಿನ ಹಳ್ಳಿಗಳೆಲ್ಲ ಕ್ಯಾಲೆಂಡರ್ ಚಿತ್ರದ ಹಾಗಿವೆ, ಹೊಲ ಉಳುವವರು ಎಲ್ಲಿದ್ದಾರೆ ಅಂತ ಕೇಳಿದ್ದೀರಿ. ಹಾಸನದ ಕಡೆ ರೈತರ ಮನೆಯಲ್ಲಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆಲರ್ಟನ್ ಪಟ್ಟಣದ ಪಕ್ಕದ ಲ್ಯಾಕ್ಸ್‌ಟನ್ ಅನ್ನುವ ಹಳ್ಳಿಗೆ ಹೋಗಿ.

ಹಿಂದೆ ಈ ಸೀಮೆಯ ಹಳ್ಳಿಗಳಲ್ಲಿ ಬೇಲಿಯಿಲ್ಲದ ದೊಡ್ಡ ಬಯಲುಗಳಿದ್ದವು. ಒಬ್ಬೊಬ್ಬರಿಗೂ ಅಲ್ಲೊಂದು ಇಲ್ಲೊಂದು ಪಟ್ಟಿ ಜಮೀನು. ಒಳ್ಳೆ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೆ ಬರಬೇಕಲ್ವಾ? 18, 19ನೇ ಶತಮಾನದಲ್ಲಿ ಪಾರ್ಲಿಮೆಂಟು ಊರೂರಿಗೂ ಕಾಯ್ದೆ ಮಾಡಿ ಬಯಲುಗಳಿಗೆ ಬೇಲಿ ಹಾಕಿಸಿತು. ಬಡವರ ದನಕ್ಕೆ ಮೇಯುವ ಜಾಗವೂ ಹೋಯಿತು. ಚದುರಿದ ಪಟ್ಟಿಗಳು ಒಂದೇ ಕಡೆ ಸೇರಿದ್ದರಿಂದ ಎಷ್ಟೋ ಕಡೆ ರೈತರ ಮನೆಗಳು ಊರು ಬಿಟ್ಟು ಹೊಲದ ನಡುವೆ ಒಂಟಿಯಾಗಿ ನಿಂತವು. ನೀವು ನೋಡಿದ ಹಳ್ಳಿಗಳಲ್ಲಿ ರೈತರು ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಲ್ಯಾಕ್ಸ್‌ಟನ್‌ನಲ್ಲಿ ಮಾತ್ರ ಹಳೇ ಪದ್ಧತಿ ಉಳಿದುಕೊಂಡಿತು. ನಮ್ಮೂರ ಹಾಗೇ ಬೀದಿಯಲ್ಲೇ ರೈತರ ಮನೆ, ಊರಾಚೆ ಹೊಲ. ಮೂರು ಬಯಲುಗಳಿವೆ: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಸರದಿಯ ಮೇಲೆ ಒಂದರಲ್ಲಿ ಚಳಿಗಾಲಕ್ಕೆ ಮೊದಲು ಬಿತ್ತುವ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮತ್ತೊಂದು ಬೀಳು. ಊರಿನ 1635ರ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿದೆ. ಪಟ್ಟಿಗಳ ಜೊತೆಗೆ ಹೊಲ ಉಳುವವರ ಚಿತ್ರವನ್ನೂ ಅದರಲ್ಲಿ ಬಿಡಿಸಿದ್ದಾರೆ. ಆಮೇಲೆ ಪಟ್ಟಿಗಳು ಕೂಡಿಕೊಂಡು ಅಗಲವಾಗಿವೆ, ಎತ್ತು ಕುದುರೆಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ.

ನನಗೆ ಜಾಸ್ತಿ ಇಷ್ಟವಾಗುವುದು ಅವರ ಪಂಚಾಯ್ತಿ. ಕೋರ್ಟ್ ಲೀಟ್ ಅಂತಾರೆ. ನವೆಂಬರ್ ಕೊನೆಯ ಹೊತ್ತಿಗೆ ರೈತರದೇ ಜ್ಯೂರಿ, ಅಂದರೆ ಪಂಚರ ತಂಡ, ಗೋಧಿ ಬಿತ್ತಿದ ಬಯಲಿಗೆ ಹೊರಡುತ್ತದೆ. ದಾರಿಯಂಚಿಗೆ, ಪಟ್ಟಿಗಳ ಗಡಿಗೆ ಗೂಟ ಹೊಡೆಯುತ್ತಾರೆ. ದಾರಿ ಒತ್ತಿ ಉತ್ತವರಿಗೆ, ಸೈಕ್ ಅನ್ನುವ ಹುಲ್ಲುಗಾವಲಿಗೆ ನೇಗಿಲು ನುಗ್ಗಿಸಿದವರಿಗೆ ದಂಡ. ದಂಡದ ಮೊತ್ತ ಚಿಲ್ಲರೆ, ಆದರೆ ಊರ ಮುಂದೆ ಹೆಸರು ಬರುತ್ತದಲ್ಲ! ಬದು ಒತ್ತುವ ಜಗಳ ನಮ್ಮಲ್ಲಿ ಕೋರ್ಟಿಗೆ ಹೋಗಿ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಇಲ್ಲಿ ವಾರದೊಳಗೆ ಸಭೆ ಸೇರಿ ಮುಗಿಸುತ್ತಾರೆ.

ಜನ ಮಾತಾಡಿಸ್ತಾರಾ ಅಂತಲೂ ಕೇಳಿದ್ದಿರಿ. ಸುಮ್ನೆ ಹವಾಮಾನ ಎತ್ತಿಕೊಂಡರೆ ಮಾತು ಅಲ್ಲೇ ನಿಲ್ಲುತ್ತದೆ. ಡವ್‌ಕೋಟ್ ಪಬ್ಬಿನಲ್ಲಿ ಕೂತು ಈ ವರ್ಷ ಯಾವ ಬಯಲು ಬೀಳು ಅಂತ ಕೇಳಿ ನೋಡಿ. ನಿಮ್ಮನೆ ಹೊಲದ ಮಾತನ್ನೂ ಹೇಳಿ. ಬಿಯರ್ ಕುಡಿಯಲೇಬೇಕು ಅಂತೇನಿಲ್ಲ, ಕಾಫಿ ತಗೊಂಡರೂ ನಡೆಯುತ್ತದೆ.

ಬಸ್ಸು ನಂಬಿಕೊಂಡು ಹೋಗಬೇಡಿ, ಕಾರಿದ್ದವರ ಜೊತೆ ಹೋಗಿ. ಅಲ್ಲಿಯದು ಜಿಗುಟು ಮಣ್ಣು. ಮಳೆಯಾಗಿದ್ದರೆ ಗಮ್‌ಬೂಟ್ ಬೇಕೇ ಬೇಕು.